ಒಂದು ಹೆಸರು, ಎರಡು ಮದ್ದು

ನಾನಾರ್ಥಕ ಪದ ಕಾವ್ಯದಲ್ಲಿ ಶ್ಲೇಷೆಗೆ ಒದಗುತ್ತದೆ. ಔಷಧದ ವಿಷಯದಲ್ಲಿ ಪ್ರಾಣಕ್ಕೆ ಎರವಾಗಬಹುದು. ‘ಹಾರ್ಮೋನು ಚಿಕಿತ್ಸೆ’ ಅಂಥದೊಂದು ಮಾತು.

ಮುಟ್ಟು ನಿಂತ ಸ್ತ್ರೀಯರಿಗೆ ಮೈ ಕಾವೇರಿ ಬೆವರೊಡೆಯುವ ಬಾಧೆ ತಗ್ಗಲೆಂದು ಕೊಡುವ ಈಸ್ಟ್ರೋಜೆನ್ ಮಾತ್ರೆಗೆ ಈ ಹೆಸರಿದೆ. ಸ್ತನದ ಕ್ಯಾನ್ಸರಿನಿಂದ ಪಾರಾದವರಿಗೆ ಇದು ಹಿತವೇ? ಸ್ವೀಡನ್ನಿನ ವೈದ್ಯರು ಮೊದಲುಮಾಡಿದ ‘ಹ್ಯಾಬಿಟ್ಸ್’ ಎಂಬ ಪ್ರಯೋಗವು ಇದನ್ನು ಪರೀಕ್ಷಿಸಿತು. ಅಪಾಯ ಕಂಡುದರಿಂದ 2003ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2008ರಲ್ಲಿ ಪ್ರಕಟವಾದ ಲೆಕ್ಕದಂತೆ, ಹಾರ್ಮೋನು ಪಡೆದ ಪಂಗಡದ 221 ಮಂದಿಯಲ್ಲಿ 39 ಮಂದಿಗೆ, ಪಡೆಯದ ಪಂಗಡದ 221 ಮಂದಿಯಲ್ಲಿ 17 ಮಂದಿಗೆ ಸ್ತನದ ಕ್ಯಾನ್ಸರು ಮರುಕಳಿಸಿತ್ತು, ಇಲ್ಲವೆ ಹೊಸದಾಗಿ ಹುಟ್ಟಿತ್ತು.

ಟಮಾಕ್ಸಿಫೆನ್ ಇದಕ್ಕೆ ತದ್ವಿರುದ್ಧ. ಸ್ತನದ ಜೀವಕೋಶದಲ್ಲಿ ಈಸ್ಟ್ರೋಜೆನ್ ಬಂದು ಕೂಡುವ ನೆಲೆಯನ್ನೇ ಅದು ಆಕ್ರಮಿಸಿ ತಡೆಯುತ್ತದೆ. ಈಸ್ಟ್ರೋಜೆನ್ನಿಗೆ ಸ್ಪಂದಿಸುವ ಗಡ್ಡೆಯಿದ್ದವರು ಐದು ವರ್ಷ ಸೇವಿಸಿದರೆ, ಮತ್ತೊಂದು ಸ್ತನದಲ್ಲಿ ರೋಗ ಹುಟ್ಟುವ ಸಂಭವ ಮೂರನೆಯ ಒಂದು ಪಾಲಿಗೂ ಮಿಕ್ಕಿ ತಗ್ಗುತ್ತದೆ. ಇದನ್ನೂ ಹಾರ್ಮೋನು ಚಿಕಿತ್ಸೆ ಎಂದೇ ಕರೆಯುತ್ತಾರೆ!

ಖಾನಾಪುರದ ಕಡೆಯಿಂದ ಬೆಳಗಾವಿಯ ಆಸ್ಪತ್ರೆಗೆ ಬಂದುಹೋಗುವ ತಾಯಿಯೊಬ್ಬಳನ್ನು ನೆನೆಯಿರಿ. ಮನೆಮಾತು ಕನ್ನಡವಾಗಲಿ, ಮರಾಠಿಯಾಗಲಿ, ಆಕೆಯ ಕಿವಿಗೆ ಬೀಳುವುದು ಅದೊಂದೇ ಪದ. “ಹಾರ್ಮೋನು ಛಲೋ ಅಲ್ಲಂತ” ಎಂಬ ನೆರೆಮನೆಯ ಮಾತಿಗೆ ಅಂಜಿ ಟಮಾಕ್ಸಿಫೆನ್ ಬಿಟ್ಟರೆ, ಕಾಯುವ ಕೈಯನ್ನೇ ದೂಡಿದಂತೆ. ಟಮಾಕ್ಸಿಫೆನ್ನಿನಿಂದಲೂ ಮೈ ಕಾವೇರುವುದುಂಟು. ಅದಕ್ಕೆಂದು ಅಕ್ಕನ ಈಸ್ಟ್ರೋಜೆನ್ ಮಾತ್ರೆ ನುಂಗಿದರೆ ಹಗೆಯನ್ನು ಮನೆಗೆ ಕರೆದಂತೆ. ಆ ಬಾಧೆಗೆ ಹಾರ್ಮೋನಿಲ್ಲದ ಮದ್ದುಗಳೂ ಇವೆ.

ಆದುದರಿಂದ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಈ ಮಾತ್ರೆ ಈಸ್ಟ್ರೋಜೆನ್ನನ್ನು ಕೊಡುವುದೋ, ತಡೆಯುವುದೋ?