ಸಂಗಮ: ಒಂದು ದಾಖಲೆ ಕೇಂದ್ರದ ಚರಿತ್ರೆ

ಚಳವಳಿಗಳ ಚರಿತ್ರೆಯನ್ನು ಸಭೆ, ಮೆರವಣಿಗೆಗಳಿಂದ ಆರಂಭಿಸುವುದು ವಾಡಿಕೆ. ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ಕರ್ನಾಟಕದಲ್ಲಿ ದುಡಿದ ಸಂಗಮ ಸಂಸ್ಥೆಯಾದರೋ ಕಾಗದಪತ್ರಗಳಿಂದ ಆರಂಭವಾಯಿತು. 1999ರಲ್ಲಿ ಬೆಂಗಳೂರಿನಲ್ಲಿ ಅದು ಹುಟ್ಟಿದಾಗ ಲೈಂಗಿಕತೆಯನ್ನು ಕುರಿತ ದಾಖಲೆಗಳ ಕೇಂದ್ರವಾಗಿದ್ದಿತು.

ಅದೇ ನಗರದಲ್ಲಿ 1994ರಿಂದಲೇ 'ಗುಡ್ ಆ್ಯಸ್ ಯೂ' ಎಂಬ ಕೂಟವೊಂದು ನಡೆಯುತ್ತಿದ್ದಿತು. ಸಲಿಂಗಾನುರಾಗಿಗಳು ಗುರುವಾರಗಳಂದು ಅಲ್ಲಿ ಕಲೆತು ಕಷ್ಟಸುಖಗಳನ್ನು ಹೇಳಿಕೊಳ್ಳುತ್ತಿದ್ದರು. ಮಾತುಕತೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಮಂಡ್ಯ, ಮದ್ದೂರುಗಳವರಿಗೆ ಬೆಂಗಳೂರಿನ ರೈಲಾದರೂ ಉಂಟು. ರೈಲೇ ಇಲ್ಲದ ಮಳವಳ್ಳಿಯ ಬಡ ಯುವಕನಿಗೆ ಆ ಬಾಗಿಲು ದಾರಿಯಿಂದಲೂ ದೂರ, ಭಾಷೆಯಿಂದಲೂ ದೂರ.

ಸಂಗಮದ ಮಹತ್ತ್ವವನ್ನು ನಾವು ಕಾಣುವುದು ಇಲ್ಲಿಯೇ. ಅದು ಬಹುಬೇಗ ಇಂಗ್ಲಿಷ್ ಅರಿಯದ ಶ್ರಮಜೀವಿಗಳತ್ತ, ಹಿಜಡಾ ಮತ್ತು ಕೋತಿ ಸಮುದಾಯಗಳತ್ತ ತಿರುಗಿತು. (ಕೋತಿ ಎಂಬುದು ಹೆಣ್ತನದ ನಡೆನುಡಿಯುಳ್ಳ ಗಂಡಸರು ತಮಗೆ ತಾವೇ ಇಟ್ಟುಕೊಂಡ ಹೆಸರು, ಮರವೇರುವ ಪ್ರಾಣಿಗೂ ಇದಕ್ಕೂ ಸಂಬಂಧವಿಲ್ಲ.) ಇವರಿಗೆ ಮೊದಲು ಬೇಕಾಗಿದ್ದುದು ಪೊಲೀಸರ ಕಿರುಕುಳದಿಂದ ರಕ್ಷಣೆ. 1860ರ ದಂಡಸಂಹಿತೆಯ 377ನೆಯ ಕಲಮಿನಡಿ ಶಿಕ್ಷೆಯಾದವರು ವಿರಳ. ಆದರೆ ಆ ಕಲಮಿನ ಹೆಸರು ಹೇಳಿ ಬೆದರಿಸಿ ಹಣ ಕೀಳುವುದಕ್ಕೆ ನ್ಯಾಯಾಲಯದ ಅಗತ್ಯವಿರಲಿಲ್ಲ. ಪಿ.ಯು.ಸಿ.ಎಲ್. ಸಂಸ್ಥೆಯ ಕರ್ನಾಟಕ ಶಾಖೆಯು 2001 ಮತ್ತು 2003ರಲ್ಲಿ ಪ್ರಕಟಿಸಿದ ವರದಿಗಳು ಇಂತಹ ದೌರ್ಜನ್ಯಗಳನ್ನು ಸವಿಸ್ತಾರವಾಗಿ ದಾಖಲಿಸಿವೆ.

ಬರೆದಿಟ್ಟ ಮಾತು ವ್ಯರ್ಥವಾಗಲಿಲ್ಲ. 2004ರಲ್ಲಿ ಬೆಂಗಳೂರಿನ ಹಿಜಡಾ ಒಬ್ಬರು ಪೊಲೀಸರಿಂದ ಅನುಭವಿಸಿದ ಚಿತ್ರಹಿಂಸೆಯ ಸಂಗತಿ ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. 2009ರ ಜುಲೈ 2ರ ತೀರ್ಪಿನಲ್ಲಿ ಅದರ ಪ್ರಸ್ತಾಪವಿದೆ. ಠಾಣೆಯ ಪುಸ್ತಕದಲ್ಲಿ ಆರೋಪಿಯಾಗಿ ಮಾತ್ರ ಕಾಣಿಸಬಹುದಾಗಿದ್ದ ವ್ಯಕ್ತಿ ಇಲ್ಲಿ ಸಾಕ್ಷಿಯ ಸ್ಥಾನವನ್ನು ಪಡೆದುದು ಚರಿತ್ರೆಯ ವಿದ್ಯಾರ್ಥಿಗಳು ಗಮನಿಸತಕ್ಕ ವಿಷಯ. ಆ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧಗಳನ್ನು ಅಪರಾಧದ ಪಟ್ಟಿಯಿಂದ ಕೈಬಿಟ್ಟಿತು.

ಸಂಗಮವು ಉದ್ಯೋಗದ ಪ್ರಶ್ನೆಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಒಯ್ದಿತು. ತತ್ಫಲವಾಗಿ 2021ರಲ್ಲಿ ರಾಜ್ಯದ ನೇಮಕಾತಿ ನಿಯಮಗಳು ತಿದ್ದುಪಡಿಯಾಗಿ, ನೇರ ನೇಮಕಾತಿಯ ಹುದ್ದೆಗಳಲ್ಲಿ ಲಿಂಗಪರಿವರ್ತಿತರಿಗೆ ಪ್ರತಿಯೊಂದು ವರ್ಗದೊಳಗೂ ಶೇಕಡ 1ರಷ್ಟು ಮೀಸಲಾತಿ ದೊರೆಯಿತು. ಬೆಂಗಳೂರಿನ ಸಣ್ಣ ಕೇಂದ್ರವೊಂದರಿಂದ ಹೊರಟ ಪ್ರಯತ್ನ ಹೀಗೆ ಮದ್ದೂರು, ಮಳವಳ್ಳಿಗಳ ಸರ್ಕಾರಿ ಕಚೇರಿಗಳ ಹುದ್ದೆಗಳವರೆಗೂ ಬಂದಿದೆ. ಸಲಿಂಗಾನುರಾಗಿಗಳಿಗೆ ಈ ನಿಯಮ ಅನ್ವಯಿಸದು. ಅವರಿಗೆ ಮುಖ್ಯವಾಗಿ ದೊರೆತುದು 2018ರ ತೀರ್ಪು.