ಬಸ್ ಸ್ಟ್ಯಾಂಡಿಗೊಂದು ಪುಸ್ತಕದ ಅರವಟ್ಟಿಗೆ ಏಕಾಗಬಾರದು?

ಮಧುಗಿರಿ: ಬೇಸಿಗೆ ಬಂತೆಂದರೆ ದಾರಿಬದಿಗೆ ಚಪ್ಪರ ಹಾಕಿ, ಗುಡಾಣದಲ್ಲಿ ನೀರಿಟ್ಟು ಅರವಟ್ಟಿಗೆ ನಡೆಸುವ ಪುಣ್ಯಾತ್ಮರು ನಮ್ಮ ಸೀಮೆಯಲ್ಲಿ ಇಂದಿಗೂ ಉಂಟು. ಕುಡಿದವನು ಯಾವ ಊರಿನವನು, ಮತ್ತೆ ಈ ಕಡೆ ಬರುತ್ತಾನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. (ಜಾತಿ ಕೇಳಿ ನೀರು ಹೊಯ್ಯುತ್ತಿದ್ದ ಕಾಲವೂ ಇತ್ತು, ಆ ಮಾತು ಬೇರೆ.) ಲೋಟ ಹೋದೀತೆಂಬ ಅನುಮಾನವಿದ್ದರೆ ಅದಕ್ಕೊಂದು ಸರಪಳಿ. ಅಲ್ಲಿಗೆ ಮುಗಿಯಿತು.

ನೀರನ್ನು ಹೀಗೆ ಅಪರಿಚಿತರಿಗೆಂದು ಬಿಟ್ಟಿ ಇಡಬಹುದಾದರೆ ಪುಸ್ತಕವನ್ನು ಏಕೆ ಇಡಬಾರದು?

ಅಮೆರಿಕದಲ್ಲಿ ರಾನ್ ಹಾರ್ನ್‌ಬೇಕರ್ ಎಂಬಾತ 2001ರಲ್ಲಿ ‘ಬುಕ್‌ಕ್ರಾಸಿಂಗ್’ ಎಂಬ ಏರ್ಪಾಡು ಶುರು ಮಾಡಿದ. ಓದಿ ಮುಗಿಸಿದ ಪುಸ್ತಕಕ್ಕೆ ಒಂದು ಸಂಖ್ಯೆ ಅಂಟಿಸಿ, ಪಾರ್ಕಿನ ಬೆಂಚಿನ ಮೇಲೋ ಹೋಟೆಲಿನ ಮೇಜಿನ ಮೇಲೋ ಬಿಟ್ಟು ಬರುವುದು. ಸಿಕ್ಕಿದವರು ಓದಿ, ಇಂಥಲ್ಲಿ ಸಿಕ್ಕಿತೆಂದು ಇಂಟರ್‌ನೆಟ್ಟಿನಲ್ಲಿ ಬರೆದು, ಮತ್ತೆಲ್ಲಾದರೂ ಬಿಡುವುದು. ಹಾಗೆ ಬಿಟ್ಟ ಪುಸ್ತಕಗಳಲ್ಲಿ ಬಹುಪಾಲಿನ ಸುಳಿವು ಮತ್ತೆ ಸಿಗುವುದೇ ಇಲ್ಲ. ಆದರೂ ಬಿಡುವವರು ಬಿಡುತ್ತಲೇ ಇದ್ದಾರೆ. 2017ರಲ್ಲಿ ದೆಹಲಿ ಮೆಟ್ರೋ ರೈಲಿನಲ್ಲೂ ಇಂಥ ಪುಸ್ತಕಗಳು ಕಾಣಿಸಿಕೊಂಡವು.

ಇದೆಲ್ಲ ವಿದೇಶಿ ಷೋಕಿ ಅಂತ ಮೂಗು ಮುರಿಯುವವರಿಗೆ ಒಂದು ಮಾತು. ಹತ್ತನೇ ಶತಮಾನದ ಕೊನೆಯಲ್ಲಿ, ಅಚ್ಚಿನ ಯಂತ್ರದ ಕನಸೂ ಇಲ್ಲದ ಕಾಲದಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಓಲೆ ಪ್ರತಿ ಬರೆಸಿ ಹಂಚಿದಳು. ಒಂದೊಂದು ಓಲೆಯನ್ನೂ ಕಂಠದಿಂದ ಕೊರೆಯಬೇಕಿದ್ದ ಕಾಲ ಅದು. ಇವತ್ತು ಸಾವಿರ ಪ್ರತಿ ಅಚ್ಚಾದರೆ ಖರ್ಚಾಗುವುದೇ ಕಷ್ಟವೆಂದು ನಮ್ಮ ಪ್ರಕಾಶಕರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ!

ಕಾಯುವುದೇ ಕೆಲಸ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ಈ ನಾಲ್ಕು ತಾಲ್ಲೂಕು ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಕಾಗದದ ಮೇಲೆ ಶಿಕ್ಷಣ ಇಲಾಖೆ ಇವನ್ನು ಕೂಡಿಸಿದ್ದರೆ, ನೆಲದ ಮೇಲೆ ಕೂಡಿಸಿರುವುದು ಬಸ್ಸು. ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರಿನ ಆಸುಪಾಸು. ಹಳ್ಳಿಯಿಂದ ಕಾಲೇಜಿಗೆ ಬಂದ ಹುಡುಗ ಹುಡುಗಿಯರು, ಆಸ್ಪತ್ರೆಗೆ ಬಂದವರು, ತಾಲ್ಲೂಕು ಕಚೇರಿಯಲ್ಲಿ ‘ನಾಳೆ ಬನ್ನಿ’ ಅನ್ನಿಸಿಕೊಂಡವರು, ಎಲ್ಲರೂ ಸ್ಟ್ಯಾಂಡಿನಲ್ಲಿ ಕಾಯಲೇಬೇಕು. ಕೈಯಲ್ಲಿ ಮೊಬೈಲ್ ಇದ್ದವರು ಅದನ್ನು ತೀಡುತ್ತಾರೆ. ಚಾರ್ಜು ಮುಗಿದರೆ ಆಕಾಶ ನೋಡುತ್ತಾರೆ.

ಇವರಿಗೆ ಓದುವ ಹಂಬಲವಿಲ್ಲ ಅನ್ನುವುದು ಶುದ್ಧ ಸುಳ್ಳು. ಟೀ ಅಂಗಡಿಗೆ ಬರುವ ಒಂದು ಪೇಪರ್ ಹಾಳೆಹಾಳೆಯಾಗಿ ನಾಲ್ಕು ಬೆಂಚಿಗೆ ಹಂಚಿಹೋಗುವುದನ್ನು ಯಾರು ಬೇಕಾದರೂ ನೋಡಬಹುದು. ಕಡ್ಲೆಕಾಯಿ ಸೀಮೆ ನಮ್ಮದು. ಕಾಯಿ ತಿಂದಾದ ಮೇಲೆ ಪೊಟ್ಟಣ ಬಿಚ್ಚಿ, ಅದರಲ್ಲಿದ್ದ ಅರ್ಧ ಕತೆ ಓದಿ, ಉಳಿದರ್ಧ ಯಾರ ಪೊಟ್ಟಣಕ್ಕೆ ಹೋಯಿತೋ ಅಂತ ಹುಡುಕಾಡಿದವರು ಈ ಸೀಮೆಯಲ್ಲಿ ಕಡಿಮೆಯೇನಿಲ್ಲ. ಮನೆಮನೆಯ ಅಟ್ಟದ ಪುಸ್ತಕಗಳು ತೂಕಕ್ಕೆ ಹೋಗಿ ಸೇರುವುದು ಈ ಪೊಟ್ಟಣಕ್ಕೇ ತಾನೆ?

ಬೀರುವಿನ ಬೀಗ

‘ಅಯ್ಯೋ, ಇಟ್ಟ ಮಾರನೇ ದಿನ ಎತ್ಕೊಂಡು ಹೋಗ್ತಾರೆ ಬಿಡಿ ಸಾರ್’ ಎಂಬುದು ಎಲ್ಲರ ಮೊದಲ ಮಾತು. ಎತ್ತಿಕೊಂಡು ಹೋಗಲಿ ಎಂದೇ ಅಲ್ಲವೇ ಇಡುವುದು! ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೇ ಗ್ರಂಥಾಲಯಗಳಿಗೆ ಒಂದು ರಿಯಾಯಿತಿ ಕೊಟ್ಟಿವೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1000 ಪುಸ್ತಕಕ್ಕೆ 5 ಕಳೆದುಹೋದರೆ, ಅಪ್ರಾಮಾಣಿಕತೆಯಾಗಲಿ ಅಸಡ್ಡೆಯಾಗಲಿ ಇಲ್ಲದಿದ್ದರೆ, ಅದು ಸಹಜ ನಷ್ಟ. ಪೈಸೆ ಪೈಸೆಗೂ ಲೆಕ್ಕ ಕೇಳುವ ಸರ್ಕಾರವೇ ಇಷ್ಟು ಉದಾರಿಯಾಗಿರುವಾಗ, ಕಳೆದೀತೆಂದು ಹೆದರಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಜಡಿಯುವವರಿಗೆ ಏನೆನ್ನಬೇಕು? ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಮೊದಲನೆಯದೇ, ಪುಸ್ತಕ ಇರುವುದು ಬಳಕೆಗೆ ಎಂದು. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದು 1972ರಲ್ಲಿ ತೀರಿಕೊಂಡದ್ದು ನಮ್ಮ ಬೆಂಗಳೂರಿನಲ್ಲೇ.

ಸರ್ಕಾರ ಸುಮ್ಮನೆ ಕೂತಿದೆ ಅನ್ನುವಂತಿಲ್ಲ. 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಆದರೆ ಗ್ರಂಥಾಲಯಕ್ಕೆ ವೇಳೆಯುಂಟು, ಬಾಗಿಲುಂಟು. ಸಂಜೆ ಕೊನೇ ಬಸ್ಸಿಗೆ ಕಾಯುವವಳು ಆ ಬಾಗಿಲಿಗೆ ಹೋಗಲಾರಳು. ಅವಳಿರುವ ಬೆಂಚಿಗೇ ಪುಸ್ತಕ ಬರಬೇಕು.

ಮೈಸೂರಿನ ಸೈಯದ್ ಇಸಾಕ್ ಅವರನ್ನು ನೆನೆಯಿರಿ. ಕೂಲಿ ಮಾಡುತ್ತಿದ್ದ ಮನುಷ್ಯ, 2011ರಿಂದ ರಾಜೀವನಗರದಲ್ಲಿ ಯಾರು ಬೇಕಾದರೂ ಬಂದು ಪುಕ್ಕಟೆ ಓದಲೆಂದು ಗ್ರಂಥಾಲಯ ನಡೆಸಿದರು. 2021ರ ಏಪ್ರಿಲ್ 9ರ ಬೆಳಗಿನ ಜಾವ ಅದು ಸುಟ್ಟುಹೋಯಿತು. ಸುಮಾರು 11,000 ಪುಸ್ತಕ ಬೂದಿ. ಸುದ್ದಿ ಹರಡಿದ್ದೇ ತಡ, ಅವರ ಮುಖ ನೋಡದವರೂ ನೆರವಿಗೆ ಮುಂದಾದರು. ಕೊಡುವವರಿಗೆ ಬರವಿಲ್ಲ ಎಂದಾಯಿತಲ್ಲ.

ಎಲ್ಲಿ ಯಾವುದು?

ಖರ್ಚು ಹೆಚ್ಚಿಲ್ಲ. ರಟ್ಟಿನ ಒಳಬದಿಗೆ ಒಂದು ಚೀಟಿ ಅಂಟಿಸಿ, ‘ಇದು ಯಾರದೂ ಅಲ್ಲ, ಓದಿ ಮುಂದಿನ ಸ್ಟ್ಯಾಂಡಿನಲ್ಲಿಡಿ’ ಎಂದು ಬರೆದು, ಕೆಳಗೆ ಊರಿನ ಹೆಸರು ಬರೆಯಲು ನಾಲ್ಕು ಗೆರೆ ಬಿಟ್ಟರೆ ಆಯಿತು. ಮಧುಗಿರಿಯಲ್ಲಿ ಬಿಟ್ಟದ್ದು ಕೊರಟಗೆರೆ ಸುತ್ತಿ ಶಿರಾ ಸೇರಿದರೆ ಆ ಗೆರೆಗಳೇ ಹೇಳುತ್ತವೆ. ಪಾವಗಡದ ಸ್ಟ್ಯಾಂಡಿಗೆ ತೆಲುಗು ಪುಸ್ತಕವೂ ಬೇಕು, ಮೂರು ಕಡೆ ಆಂಧ್ರವಿರುವ ತಾಲ್ಲೂಕು ಅದು. ಶನಿವಾರ ಶನಿಮಹಾತ್ಮನ ದರ್ಶನಕ್ಕೆ ಬಂದವರು ಬಸ್ಸಿಗೆ ಮುಗಿಬೀಳುವಾಗ ದಪ್ಪ ಕಾದಂಬರಿ ಬೇಡ, ಸಣ್ಣ ಕತೆಯ ಪುಸ್ತಕ ಸಾಕು. ಶಿರಾದಲ್ಲಿ ನಾಲ್ಕು ಉರ್ದು ಪುಸ್ತಕವಿದ್ದರೆ ಓದುವವರುಂಟು. ಎಲ್ಲ ಕಡೆಯೂ ಮಕ್ಕಳ ಚಿತ್ರದ ಪುಸ್ತಕ ಇರಲಿ. ಹಳೇ ಗೈಡು, ಗೆದ್ದಲು ಹಿಡಿದ ಗೆಜೆಟ್ಟು, ರಾಜಕಾರಣಿಗಳ ಅಭಿನಂದನ ಗ್ರಂಥ ತಂದು ಸುರಿಯುವವರು ದಯವಿಟ್ಟು ತೂಕದ ಅಂಗಡಿಗೇ ಹೋಗಲಿ.

ನಮ್ಮ ಕಡೆ ಮಳೆಯ ಭಯ ಅಷ್ಟಿಲ್ಲ. ಭಯವಿರುವುದು ಗೋಡೆಯ ಸಿನಿಮಾ ಪೋಸ್ಟರನ್ನೇ ಕಿತ್ತು ಮೇಯುವ ಹಸು, ಮೇಕೆಗಳದ್ದು. ಹಲಗೆಯನ್ನು ಅವುಗಳ ಬಾಯಿಗೆ ಎಟುಕದಷ್ಟು ಮೇಲೆ, ಆರನೇ ತರಗತಿಯ ಮಕ್ಕಳ ಕೈಗೆ ಸಿಗುವಷ್ಟು ಕೆಳಗೆ ಹೊಡೆಯತಕ್ಕದ್ದು.