ಎಬಿಎ ಕಲಿಯಲು ಅಮೆರಿಕದ ಪ್ರಮಾಣಪತ್ರ ಬೇಕೇ?

ಪ್ರಶ್ನೆ: ಮಗಳು ಮನಃಶಾಸ್ತ್ರ ಓದಿ ಬಿ.ಎ. ಮುಗಿಸಿದ್ದಾಳೆ. ಆಟಿಸಂ ಇರುವ ಮಕ್ಕಳಿಗೆ ಕಲಿಸುವ ‘ಬಿಹೇವಿಯರ್ ಅನಲಿಸ್ಟ್’ ಆಗುವ ಆಸೆ. ಎಲ್ಲಿ ಓದಿಸುವುದು? (ಓದುಗರು, ಕಳಸ)

ಉತ್ತರ: ಆಸೆ ಒಳ್ಳೆಯದು, ಮಲೆನಾಡಿಗೆ ಇಂಥವರು ಬೇಕು. ಕಾಫಿ ಪಲ್ಪರ್ ಯಂತ್ರ ಶುರುವಾದೊಡನೆ ಕಿವಿ ಮುಚ್ಚಿ ಚೀರುವ ಮಗುವನ್ನು ಹಟಮಾರಿ ಅನ್ನುತ್ತೇವೆ. ಎಬಿಎ, ಅಂದರೆ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್ (ವರ್ತನೆಯ ವಿಶ್ಲೇಷಣೆ) ಕಲಿತವರು ಚೀರುವ ಮುನ್ನ ಏನಾಯಿತು, ಆಮೇಲೆ ಏನು ಸಿಕ್ಕಿತು ಎಂದು ದಿನದಿನವೂ ಬರೆದಿಟ್ಟು, ‘ಸದ್ದು ಬೇಡ’ ಎಂದು ತಿಳಿಸುವ ದಾರಿಯನ್ನು ಮಗುವಿಗೆ ಕಲಿಸುತ್ತಾರೆ.

ಈ ಕ್ಷೇತ್ರದ ಹೆಸರಾಂತ ಪ್ರಮಾಣಪತ್ರ ಅಮೆರಿಕದ ಬಿಎಸಿಬಿ (ಬಿಹೇವಿಯರ್ ಅನಲಿಸ್ಟ್ ಸರ್ಟಿಫಿಕೇಶನ್ ಬೋರ್ಡ್) ಎಂಬ ಮಂಡಳಿ ಕೊಡುವ ಬಿಸಿಬಿಎ. ಆದರೆ 2023ರ ಜನವರಿಯಿಂದ ಭಾರತದ ನಿವಾಸಿಗಳ ಹೊಸ ಅರ್ಜಿಯನ್ನು ಆ ಮಂಡಳಿ ಸ್ವೀಕರಿಸುತ್ತಿಲ್ಲ. ಅದರ ಆಸೆ ತೋರಿಸಿ ಶುಲ್ಕ ಕೇಳುವವರನ್ನು ನಂಬಬೇಡಿ. 40 ಗಂಟೆಯ ಆನ್‌ಲೈನ್ ಎಬಿಎ ತರಬೇತಿಯೂ ಮೇಲ್ವಿಚಾರಕರ ಕೈಕೆಳಗೆ ದುಡಿಯುವ ಸಹಾಯಕರಿಗೆ ಮಾತ್ರ ಸಾಕು, ಸ್ವತಂತ್ರ ವೃತ್ತಿಗೆ ಸಾಲದು.

ನಮ್ಮಲ್ಲಿ ತೂಕವಿರುವುದು 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಗೆ. ಎಬಿಎಗೆ ಅಲ್ಲಿ ಪ್ರತ್ಯೇಕ ವರ್ಗವಿಲ್ಲ. ಹಾಗಾಗಿ ಮೊದಲು ವಿಶೇಷ ಶಿಕ್ಷಣದ ಬಿ.ಎಡ್. ಅಥವಾ ಕ್ಲಿನಿಕಲ್ ಸೈಕಾಲಜಿ ಓದಲಿ, ಎಬಿಎ ಆಮೇಲೆ ಸೇರಲಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳ ಪ್ರವೇಶ ಪ್ರಕಟಣೆ ಗಮನಿಸುತ್ತಿರಿ.

ಇನ್ನೊಂದು ಮಾತು. ಕಣ್ಣಲ್ಲಿ ಕಣ್ಣಿಡುವಂತೆ ಬಲವಂತ ಮಾಡಿದ ಹಳೆಯ ಎಬಿಎಯಿಂದ ನೋವುಂಡದ್ದನ್ನು ಆಟಿಸಂ ಇರುವ ಎಷ್ಟೋ ಹಿರಿಯರೇ ಹೇಳಿಕೊಂಡಿದ್ದಾರೆ. ಅವರ ಬರಹಗಳನ್ನೂ ಮಗಳು ಓದಲಿ. ಶುಲ್ಕ ಕಟ್ಟುವ ಮೊದಲು ಕೋರ್ಸಿಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೀವೇ ಖಾತ್ರಿ ಮಾಡಿಕೊಳ್ಳಿ.